ಅವರ ಜೇಬಿನಲ್ಲಿ ಫೋನಿತ್ತು

ಆಗ ನನಗೆ ಐವತ್ತೊಂದು. ಇಪ್ಪತ್ತು ವರ್ಷದ ಹಿಂದಿನ ಮಾತು. ಇವತ್ತು ಮೊಮ್ಮಗಳು ಹೊರಡುವಾಗ ಮೊಬೈಲ್ ತೋರಿಸಿ, "ಇದಿದ್ಯಲ್ಲಜ್ಜಿ, ಯಾಕೆ ಹೆದರ್ತೀಯ?" ಅಂದಳು. ಅದಕ್ಕೇ ಬರೆಯಲು ಕೂತೆ. ನಾಲ್ಕನೇ ಕ್ಲಾಸು ಓದಿದ ಕೈ, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ. ಭದ್ರಾವತಿಯ ನ್ಯೂ ಟೌನಿನಿಂದ ದಿನಾ ಶಿವಮೊಗ್ಗದ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಮಧ್ಯಾಹ್ನದ ಊಟ ತಡವಾದರೆ ಸಂಜೆಗೆ ಸಕ್ಕರೆ ಇಳಿದು ಬೆವರಿ, ನಾಲಿಗೆ ತೊದಲಿ, ಹೆಜ್ಜೆ ತಪ್ಪುತ್ತಿತ್ತು. ಬಾಯಿಗೆ ಬೆಲ್ಲ ಹಾಕಿದರೆ ಸರಿಹೋಗುತ್ತಿದ್ದರು. ಹಾಗಾಗಿ ಸೆರಗಿನಲ್ಲಿ ಬೆಲ್ಲ ಕಟ್ಟಿಕೊಂಡು ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದೆ. ಪಕ್ಕದ ಮನೆಯ ಸೆಲ್ವಿ, "ಏನಕ್ಕಾ, ಅಣ್ಣನ್ನ ಯಾರಾದ್ರೂ ಹಾರಿಸ್ಕೊಂಡ್ ಹೋಗ್ತಾರಾ?" ಅಂತ ಕಿಚಾಯಿಸುವಳು.

ಮಗಳು ಎರಡು ಮೊಬೈಲ್ ತಂದುಕೊಟ್ಟ ಮೇಲೆ ಆ ಕಾಯುವುದು ನಿಂತಿತು. ಬಸ್ಸಿಳಿದು ಅವರು ಒಂದು ಮಿಸ್ ಕಾಲ್ ಕೊಡುವುದು, ನಾನು ಕಾಫಿಗೆ ನೀರಿಡುವುದು. ಸುಳ್ಳೇಕೆ ಹೇಳಲಿ, ನನ್ನ ಮೊಣಕಾಲಿಗೆ ಹಾಯೆನಿಸಿತ್ತು.

ಆ ಸಂಜೆಯೂ ಮಿಸ್ ಕಾಲ್ ಬಂತು. ಕಾಫಿ ಆರಿತು, ಮನುಷ್ಯ ಬರಲಿಲ್ಲ. ಮಗಳು ಹೇಳಿಕೊಟ್ಟಿದ್ದ ಗುಂಡಿ ಒತ್ತಿದೆ. ಆ ಕಡೆ ಫೋನು ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳುತ್ತಿದೆಯೆಂದರೆ ಎಲ್ಲೋ ಹರಟೆಗೆ ಕೂತಿದ್ದಾರೆ ಎಂದುಕೊಂಡು ಪಾತ್ರೆ ತೊಳೆದೆ. ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ನಾಲ್ಕನೆಯ ಸಲಕ್ಕೆ ಎದ್ದು ಹೋದೆ.

ಸ್ಟಾಪಿನ ಟೀ ಅಂಗಡಿಯ ಪಕ್ಕ ನೆಲದ ಮೇಲೆ ಬಿದ್ದಿದ್ದರು. ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದರೆ, ಜೀವ ಹೋಗಿ ಆಗಲೇ ಹೊತ್ತಾಗಿದೆ ಅಂದರು. ಫೋನನ್ನು ದೂರುವುದಿಲ್ಲ. ಕಾಯುವ ಕೆಲಸವನ್ನು ಅದಕ್ಕೆ ಒಪ್ಪಿಸಿ ಕೂತವಳು ನಾನು.

ಮಾರನೆಯ ಬೆಳಿಗ್ಗೆ ಹೆಣವನ್ನು ಸೆಲ್ವಿಗೆ ಒಪ್ಪಿಸಿ, ಆ ಟೀ ಅಂಗಡಿಗೆ ಹೋದೆ. ನಿನ್ನೆ ಸಂಜೆ ಇದ್ದವರೇ ನಾಲ್ಕೈದು ಜನ ಟೀ ಕುಡಿಯುತ್ತಿದ್ದರು.

"ನಿಮ್ಮೆದುರಿಗೇ ಬಿದ್ರಲ್ಲ, ಯಾರಿಗೂ ಕಾಣ್ಲಿಲ್ವಾ?"

"ಕುಡ್ದಿದಾರೆ ಅನ್ಕೊಂಡ್ವಿ ಕಣಮ್ಮ," ಅಂದ ಅಂಗಡಿಯವನು. "ಜೇಬಲ್ಲಿ ಫೋನ್ ಬೇರೆ ಹೊಡ್ಕೋತಾನೇ ಇತ್ತು. ಮನೆಯವ್ರಿಗೆ ಗೊತ್ತಾಗಿದೆ, ಬಂದು ಕರ್ಕೊಂಡ್ ಹೋಗ್ತಾರೆ ಅಂತ ಸುಮ್ನಾದ್ವಿ."

ಬೈಯಬೇಕೆಂದೇ ಹೋಗಿದ್ದೆ.

"ನಿನ್ನೆ ಎತ್ಲಿಲ್ಲ. ಇವತ್ತಾದ್ರೂ ಬಂದು ಹೆಗಲು ಕೊಡಿ," ಅಂದೆ.

ಲೋಟಗಳನ್ನು ಕೆಳಗಿಟ್ಟು ಎಲ್ಲರೂ ನನ್ನ ಹಿಂದೆ ಬಂದರು.