ಶೇಕಡಾ ಮೂರು ಪಾಯಿಂಟ್ ಎಂಟು

ಬೆಂಗಳೂರಿನ ಒಂದು ಸರ್ಕಾರಿ ಕಾರ್ಖಾನೆಯ ನೇಮಕಾತಿ ವಿಭಾಗದಲ್ಲಿ ನಾನು ಮೂವತ್ತೊಂದು ವರ್ಷ ಅರ್ಜಿ ವಿಂಗಡಿಸಿದೆ. ಎಂಟಕ್ಕೆ ಸೈರನ್, ಎಂಟೂ ಐದಕ್ಕೆ ಮೊದಲ ಕಟ್ಟು ಮೇಜಿನ ಮೇಲೆ. ನಿವೃತ್ತಳಾಗಿ ಅಮೆರಿಕದ ಕ್ಯಾಂಟನ್‌ನಲ್ಲಿ ಮಗಳ ಮನೆ ಸೇರಿದ ಮೇಲೂ ಎಂಟರೊಳಗೆ ನನ್ನ ಸ್ನಾನ, ಪೂಜೆ, ತಿಂಡಿ ಮುಗಿದಿರುತ್ತವೆ.

ಕಳೆದ ಏಪ್ರಿಲ್‌ನ ಒಂದು ಶನಿವಾರ ಮೊಮ್ಮಗಳು ಹೇಳದೆ ಕೇಳದೆ ಶಿಕಾಗೊ ಪಕ್ಕದ ಶಾಮ್‌ಬರ್ಗ್‌ನಿಂದ ಐದು ಗಂಟೆ ಡ್ರೈವ್ ಮಾಡಿಕೊಂಡು ಬಂದಳು. ಶಿಕಾಗೊದಲ್ಲಿ ಅವಳು ಓದಿದ ವಿಶ್ವವಿದ್ಯಾಲಯದ ಹೆಸರು ಹೇಳಿದರೆ ಇಲ್ಲಿನ ಇಂಡಿಯನ್ ಸ್ಟೋರ್‌ನಲ್ಲಿ ಕೊತ್ತಂಬರಿ ಆರಿಸುತ್ತಿರುವವರು ಸಹ ತಲೆಯೆತ್ತಿ ನೋಡುತ್ತಾರೆ. ಅವಳು ಕೈಗೆ ಕೊಟ್ಟ ಫೋನಿನಲ್ಲಿ ಎರಡೇ ಸಾಲಿನ ಮೇಲ್ ಇತ್ತು. ಬೆಂಗಳೂರಿನ ಒಂದು ಸಣ್ಣ ಕಂಪನಿ, ನೀವು ಕನಿಷ್ಠ ಅರ್ಹತೆ ಪೂರೈಸಿಲ್ಲ, ನಿಮ್ಮ ಅರ್ಜಿ ಪರಿಗಣಿಸಲಾಗದು ಎಂದು ಬರೆದಿತ್ತು.

"ಕನಿಷ್ಠ ಅರ್ಹತೆನಾ?" ಮಗಳ ದನಿ ಏರಿತು. "ಈ ಯೂನಿವರ್ಸಿಟಿ ಏನು ಅಂತ ಅವರಿಗೆ ಗೊತ್ತೇ ಇಲ್ವಾ? ಬಿಡೇ, ಒಳ್ಳೇದೇ ಆಯ್ತು. ಇಲ್ಲೇ ಅಪ್ಲೈ ಮಾಡು."

ಆ ಕಂಪನಿ ಕಿವುಡರಿಗೆ ಕಡಿಮೆ ಬೆಲೆಯ ಕಿವಿಯ ಮೆಷಿನ್ ತಯಾರಿಸುತ್ತದೆ. ಅದರಲ್ಲೊಂದನ್ನು ಅವಳು ತನ್ನ ಲ್ಯಾಬಿನಲ್ಲಿ ಬಿಚ್ಚಿ ನೋಡಿದ್ದಳು. ಇಷ್ಟು ಕಡಿಮೆ ಭಾಗಗಳಲ್ಲಿ ಹೇಗೆ ಮಾಡಿದ್ದಾರೆ ಎಂದು ನನಗೆ ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದ್ದಳು. ಅರ್ಜಿ ಹಾಕಿದ್ದು ಅದೊಂದೇ ಕಡೆ. ಅವಳಿಗೆ ಬೇಕಾದದ್ದು ಆ ಮೆಷಿನ್ ಜೋಡಿಸುವ ಬೆಂಚಿನ ಮುಂದೆ ಒಂದು ಜಾಗ.

"ಅರ್ಜಿ ನಕಲು ಇಟ್ಕೊಂಡಿದೀಯಾ?" ಎಂದು ಕೇಳಿದೆ.

ಇಟ್ಟಿದ್ದಳು. ಕನ್ನಡಕ ಹಾಕಿಕೊಂಡು ಮೇಲಿನಿಂದ ಒಂದೊಂದೇ ಅಂಕಣ ಓದಿದೆ. ಹತ್ತನೇ ತರಗತಿ: ಅನ್ವಯಿಸುವುದಿಲ್ಲ. ಹನ್ನೆರಡನೆಯದು: ಅನ್ವಯಿಸುವುದಿಲ್ಲ. ಪದವಿ, ಶೇಕಡಾ ಅಂಕ: 3.8.

ನಗು ತಡೆಯಲಾಗಲಿಲ್ಲ.

"ವಾಟ್, ಅಜ್ಜಿ? ಇಟ್ಸ್ ಔಟ್ ಆಫ್ ಫೋರ್! ದಟ್ಸ್ ರಿಯಲಿ ಗುಡ್!"

"ನಾಲ್ಕಕ್ಕಲ್ಲ ಕಣೆ, ಇಲ್ಲಿ ಕೇಳಿರೋದು ನೂರಕ್ಕೆ. ನೂರಕ್ಕೆ ಮೂರು ಮುಕ್ಕಾಲು ತಗೊಂಡೋರು ನಮ್ಮ ಕಡೆ ಕೆಲಸಕ್ಕೆ ಅರ್ಜಿ ಹಾಕಲ್ಲ, ಊರು ಬಿಟ್ಟು ಓಡಿಹೋಗ್ತಾರೆ."

ಮಗಳೂ ನಕ್ಕಳು. ಮೊಮ್ಮಗಳು ಮಾತ್ರ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ಅರ್ಜಿಯಲ್ಲೇ ಬರೆದಿದ್ದ ಕನಿಷ್ಠ ಅರವತ್ತಕ್ಕಿಂತ ಕಡಿಮೆ ಇದ್ದದ್ದನ್ನು ಕಂಪ್ಯೂಟರೇ ಪಕ್ಕಕ್ಕೆ ತಳ್ಳಿತ್ತು; ವಿಶ್ವವಿದ್ಯಾಲಯದ ಹೆಸರನ್ನು ಯಾರೂ ಓದಿರಲಿಲ್ಲ. ನನ್ನ ಮೇಜಿನಲ್ಲೂ ಅದೇ ಕ್ರಮ. ಮೊದಲು ಶೇಕಡಾವಾರು, ಆಮೇಲೆ ವಯಸ್ಸು, ಕಾಲೇಜಿನ ಹೆಸರು ಕೊನೆಗೆ.

ಮಧ್ಯಾಹ್ನ ಇಬ್ಬರೂ ಕೂತು ಪತ್ರ ಬರೆದೆವು. ನಾನು ವಿಷಯ, ಉಲ್ಲೇಖ ಎಂದು ಶುರು ಮಾಡಿದರೆ ಅವಳು ಹಾಯ್ ಎನ್ನುವಲ್ಲೇ ಇದ್ದಳು. "ಮಾನ್ಯರೇ" ಎಂಬಲ್ಲಿ ಒಪ್ಪಂದವಾಯಿತು. ಶೇಕಡಾಕ್ಕೆ ತಾನೇ ಪರಿವರ್ತಿಸುತ್ತೇನೆ ಎಂದಳು, ಬೇಡ ಎಂದೆ. ನಮ್ಮ ವಿಶ್ವವಿದ್ಯಾಲಯದಲ್ಲಿ ಶೇಕಡಾ ಕೊಡುವ ಪದ್ಧತಿಯಿಲ್ಲ, ನಾಲ್ಕಕ್ಕೆ ಮೂರು ಪಾಯಿಂಟ್ ಎಂಟು ಬಂದಿದೆ, ಅಂಕಪಟ್ಟಿ ಲಗತ್ತಿಸಿದೆ, ತಪ್ಪು ನನ್ನದು. ಅಷ್ಟೇ ಬರೆಸಿದೆ. ಮೂರನೇ ದಿನ ಸಂದರ್ಶನಕ್ಕೆ ಕರೆ ಬಂತು.

ಅದಕ್ಕೋಸ್ಕರ ಅವಳು ಕ್ಯಾಂಟನ್‌ನಲ್ಲೇ ಉಳಿದಳು. ನಮಗೆ ಬೆಳಿಗ್ಗೆ ಎಂಟು, ಅವರಿಗೆ ಸಂಜೆ ಐದೂವರೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡಳು. ನಾನು ಕ್ಯಾಮೆರಾಕ್ಕೆ ಕಾಣದಂತೆ ಒಲೆಯ ಪಕ್ಕ ಹುರುಳಿಕಾಯಿ ಹೆಚ್ಚುತ್ತಿದ್ದೆ. ಮಾತಾಡಿದವರು ಕಂಪನಿಯ ಯಜಮಾನರು, ವಯಸ್ಸಾದ ದನಿ.

"ನೋಡಮ್ಮ, ಮೂರು ಪರ್ಸೆಂಟ್ ನೋಡಿ ಆಫೀಸಲ್ಲಿ ಎಲ್ಲರೂ ನಕ್ವಿ. ಅದಿರಲಿ. ನಿಮ್ಮ ಯೂನಿವರ್ಸಿಟಿ ಹೆಸರು ನಂಗೆ ಚೆನ್ನಾಗೇ ಗೊತ್ತು. ಭಯ ಇರೋದೇ ಅಲ್ಲಿ. ಅಂಥ ಕಡೆಯಿಂದ್ಲೇ ಒಬ್ಬರು ಬಂದಿದ್ರು. ಬಂದಾಗ ಹಾರ ಹಾಕಿದ್ವಿ, ಫೋಟೊ ತೆಗೆಸಿದ್ವಿ. ಅವರ ಐಡಿ ಕಾರ್ಡ್ ಪ್ರಿಂಟಾಗಿ ಬರೋಷ್ಟರಲ್ಲಿ ಬೇರೆ ಕಡೆ ಹೊರಟೋದ್ರು. ನೀವು ಎಷ್ಟು ದಿನ ಇರ್ತೀರಾ?"

ನನ್ನ ಕೈಯ ಚಾಕು ನಿಂತಿತು. ನನ್ನ ಕಾಲದಲ್ಲೂ ವಿದೇಶದಲ್ಲಿ ಓದಿದವರ ಅರ್ಜಿಗಳು ಬರುತ್ತಿದ್ದವು. ಮೂಲೆಯಲ್ಲಿ ಕೆಂಪು ಪೆನ್ಸಿಲಿನಿಂದ "ನಿಲ್ಲುವುದಿಲ್ಲ" ಎಂದು ಬರೆದು ಕೆಳಗಿನ ಕಟ್ಟಿಗೆ ಸೇರಿಸುತ್ತಿದ್ದೆ. ದೊಡ್ಡ ಹೆಸರು ಕಂಡರೆ ಪೆನ್ಸಿಲ್ ಇನ್ನೂ ಬೇಗ ಓಡುತ್ತಿತ್ತು. ಈ ಮನುಷ್ಯ ಕೇಳುತ್ತಿದ್ದಾರೆ. ನಾನು ಒಬ್ಬರನ್ನೂ ಕೇಳಿರಲಿಲ್ಲ. ಅವರಲ್ಲೂ ಯಾರಿಗೋ ಅಂಥದೊಂದು ಬೆಂಚು ಬೇಕಾಗಿದ್ದಿರಬಹುದು.

ಮೊಮ್ಮಗಳು ಕನ್ನಡದಲ್ಲೇ ಶುರು ಮಾಡಿದಳು. "ಸರ್, ಎರಡು ವರ್ಷ ಅಂತ ಹೇಳಬಲ್ಲೆ. ಆಮೇಲೆ... ಐ ಡೋಂಟ್ ನೋ. ಯಾವಾಗಲೂ ಇರ್ತೀನಿ ಅಂದ್ರೆ ಅದು ಸುಳ್ಳು ಆಗತ್ತೆ."

ಯಜಮಾನರು ನೇರ ಕೆಲಸದ ವಿಷಯಕ್ಕೆ ಬಂದರು.

"ಸೋಲ್ಡರಿಂಗ್ ಬರತ್ತಾ?"

"ಬರತ್ತೆ ಸರ್. ಬಟ್ ನೀಟಾಗಿ ಬರಲ್ಲ."

ಅವರು ನಕ್ಕ ಸದ್ದು ಕೇಳಿತು. "ನಮ್ಮ ಬೆಂಚಿನ ಹೆಣ್ಣುಮಕ್ಕಳು ಕಲಿಸ್ತಾರೆ ಬಿಡಿ. ಬೈಕೊಂಡು ಕಲಿಸ್ತಾರೆ."

ವಾರದೊಳಗೆ ಪತ್ರ ಬಂತು. ಮೊದಲ ಆರು ತಿಂಗಳು ಟ್ರೈನಿ, ಜೋಡಣೆ ವಿಭಾಗದಲ್ಲಿ.

"ಟ್ರೈನಿನಾ?" ಮಗಳು ಕುರ್ಚಿಯಲ್ಲಿ ಕೂತುಬಿಟ್ಟಳು. "ನಾಲ್ಕು ವರ್ಷ ಅಲ್ಲಿ ಓದಿಸಿದ್ದು ಇದಕ್ಕಾ? ನಾನು ಜನಕ್ಕೆ ಏನಂತ ಹೇಳ್ಲಿ ಅಮ್ಮ?"

"ಕೆಲಸ ಸಿಕ್ತು ಅಂತ ಹೇಳು," ಎಂದೆ.

"ಅಜ್ಜಿ, ಈಸ್ ಇಟ್ ಆನ್ ಇನ್ಸಲ್ಟ್?" ಮೊಮ್ಮಗಳು ನನ್ನನ್ನೇ ನೋಡುತ್ತಿದ್ದಳು. ನಾನು ಹೌದೆಂದರೆ ಬಿಟ್ಟೇಬಿಡುತ್ತಾಳೇನೋ ಅನ್ನಿಸಿತು.

"ಅಲ್ಲ. ಸೋಲ್ಡರಿಂಗ್ ನೀಟಾಗಿ ಬರಲ್ಲ ಅಂತ ನೀನೇ ಹೇಳಿದ್ಯಲ್ಲ. ಅವರು ಅದನ್ನ ನಂಬಿದಾರೆ."

ತಾಯಿ ಮತ್ತೆ ಶುರು ಮಾಡಿದ ಮಾತು ಮುಗಿಯುವುದರೊಳಗೆ ಅವಳು ಒಪ್ಪಿಗೆ ಕಳಿಸಿದ್ದಳು. ಸೇರುವ ದಿನ ತರಬೇಕಾದವುಗಳ ಪಟ್ಟಿಯನ್ನು ನಾನೇ ಓದಿದೆ: ಮೂಲ ಅಂಕಪಟ್ಟಿ, ವೈದ್ಯರ ಸರ್ಟಿಫಿಕೇಟ್, ಆರು ಫೋಟೊ. ಮಗಳು ಕಾರಿನ ಕೀಲಿ ತೆಗೆದುಕೊಂಡಳು. ಪಕ್ಕದ ಪ್ಲಿಮತ್‌ನ ಔಷಧಿ ಅಂಗಡಿಯಲ್ಲಿ ಫೋಟೊ ತೆಗೆಯುತ್ತಾರೆ. ಬಿಳಿ ಪರದೆಯ ಮುಂದೆ ಮಗಳು ಮೊಮ್ಮಗಳ ಕಾಲರ್ ಸರಿಮಾಡುತ್ತಾ, "ಹಲ್ಲು ಕಾಣ್ಬಾರ್ದು. ಆಫೀಸ್ ಫೋಟೊಗೆ ಅಲ್ಲಿ ಯಾರೂ ನಗಲ್ಲ," ಎಂದಳು. ಮೊಮ್ಮಗಳು ಬಾಯಿ ಬಿಗಿದಷ್ಟೂ ನಗು ಹೊರಗೆ ಬರುತ್ತಿತ್ತು. ಅಂಗಡಿಯವನು ನಾಲ್ಕು ಸಲ ತೆಗೆಯಬೇಕಾಯಿತು.