ಶರಣಮ್ಮನ ಹಾಜರಿ

ಆಫೀಸುಗಳಲ್ಲಿ ಹಾಜರಿ ಹಾಕುವ ಬೆರಳಚ್ಚಿನ ಮಷಿನ್ ಕೂರಿಸುವುದು ನನ್ನ ಕೆಲಸ. ಮಾದಾಪುರದ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಲ್ಲರ ಬೆರಳೂ ದಾಖಲಿಸಿ ಮುಗಿಸಿದ್ದೆ. ಉಳಿದವರು ಕ್ಯಾಂಟೀನಿನ ಶರಣಮ್ಮ ಒಬ್ಬರೇ. ರಾಯಚೂರು ಕಡೆಯವರು. ವರ್ಷಗಟ್ಟಲೆ ಜೋಳದ ರೊಟ್ಟಿ ಬಡಿದು, ಕಾದ ಹಂಚಿನ ಮೇಲೆ ಬರಿಗೈಯಲ್ಲೇ ತಿರುವಿ ಹಾಕಿ, ಅವರ ಬೆರಳ ತುದಿಗಳು ಗಾಜಿನಂತೆ ನುಣ್ಣಗಾಗಿದ್ದವು.

ಹತ್ತೂ ಬೆರಳು ಒತ್ತಿಸಿದೆ. ಹತ್ತು ಸಲವೂ ಮಷಿನ್ ಕೆಂಪು ದೀಪ ತೋರಿಸಿ ಕೀಂ ಎಂದಿತು.

“ಏನ್ ಕೇಳಾಕತ್ತೈತ್ರಿ ಇದು?” ಎಂದರು.

“ನೀವು ಕೆಲಸಕ್ಕೆ ಬಂದಿದ್ದೀರಾ ಅಂತ ಕೇಳ್ತಿದೆ ಅಮ್ಮಾ.”

“ನಿಮ್ಮೆದುರಿಗೇ ನಿಂತೀನಲ್ರಿ. ನೀವ ಹೇಳ್ರಿ ಅದಕ್ಕ.”

ನಾನು ಹೇಳಿದರೆ ಅದು ನಂಬುವುದಿಲ್ಲ ಎಂದೆ.

“ನೀವ ತಂದ ಮಷಿನ್ನು ನಿಮ್ಮನ್ನೂ ನಂಬಂಗಿಲ್ಲೇನ್ರಿ?” ಶರಣಮ್ಮ ನಗುತ್ತಲೇ ಒಲೆಯ ಮುಂದೆ ಹೋಗಿ ರೊಟ್ಟಿ ಬಡಿಯತೊಡಗಿದರು. ತಪತಪ ಸದ್ದು ಕೇಳಿದ್ದೇ ತಡ, ಮೇಲಿನ ಮಹಡಿಯವರೆಲ್ಲ ತಟ್ಟೆ ಹಿಡಿದು ಸಾಲು ನಿಂತರು. ಅವರತ್ತ ಗದ್ದ ತೋರಿಸಿ, “ನಾ ಬಂದೀನಂತ ಇವ್ರಿಗೆ ಯಾರ್ ಹೇಳಿದ್ರು, ನೋಡ್ರಿ” ಎಂದರು. ನನಗೂ ಹಸಿವಾಯಿತು.

ತಿಂಗಳ ಕೊನೆಗೆ ವರದಿ ತೆಗೆದುಕೊಡಲು ಮತ್ತೆ ಹೋದೆ. ಶರಣಮ್ಮ ಇಡೀ ತಿಂಗಳು ಗೈರುಹಾಜರು ಎಂದಿತ್ತು. ಕ್ಯಾಂಟೀನಿನಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದ ಮ್ಯಾನೇಜರ್ ಎಡಗೈಯಲ್ಲಿ ಅದನ್ನು ಹಿಡಿದು ಓದಿ, ಆ ಹೆಸರಿನ ಮುಂದಿದ್ದ ‘ಗೈರು’ ಹೊಡೆದುಹಾಕಿ, ನನಗೂ ಒಂದು ತಟ್ಟೆ ತರಿಸಿದರು. ಎರಡು ಬಿಸಿ ರೊಟ್ಟಿ ತಿಂದೆ. ನನ್ನ ಮಷಿನ್ನಿನ ಪ್ರಕಾರ ಅವನ್ನು ಯಾರೂ ಬಡಿದಿರಲಿಲ್ಲ.