ಜರ್ಮನ್ ಕಾರಿಗೆ ಚೆಂಡುಹೂವಿನ ಹಾರ

ಹಳಿಯಾಳದಲ್ಲಿ ನಾನು ಡ್ರೈವಿಂಗ್ ಕ್ಲಾಸ್ ನಡೆಸುತ್ತೇನೆ. ಕ್ಲಚ್ಚಿನ ಮೇಲಿಂದ ಕಾಲು ತೆಗೆಯದ ಮಾಸ್ತರರಿಗೆ, ಎದುರು ಎಮ್ಮೆ ಬಂದರೆ ಸ್ಟೀರಿಂಗ್ ಬಿಟ್ಟು ಕಣ್ಣು ಮುಚ್ಚುವ ಅಕ್ಕಂದಿರಿಗೆ, ಕೊನೆಗೆ ನನ್ನ ಗಂಡನಿಗೂ ಗಾಡಿ ಕಲಿಸಿದವಳು ನಾನೇ. ಅದೂ ಒಂದು ಪುಟಾಣಿ ಕಾರಿನಲ್ಲಿ. ಏರು ಬಂದಾಗ ಎ.ಸಿ. ಆರಿಸದಿದ್ದರೆ ಅದಕ್ಕೆ ಏದುಸಿರು. ಹಾಗಾಗಿ ಅಂಬಿಕಾನಗರದ ಕ್ವಾರ್ಟರ್ಸ್‌ನ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವ ಮುಂಚೆ ತಮ್ಮ ಜರ್ಮನ್ ಕಾರು ಮಾರುತ್ತಾರಂತೆ ಎಂದು ಕೇಳಿದ್ದೇ ತಡ, ಅದನ್ನು ನೋಡಲು ಹೊರಟೇಬಿಟ್ಟೆ.

ನೀಲಿ ಬಣ್ಣ. ನೆಲಕ್ಕೆ ಹತ್ತಿಕೊಂಡ ಹಾಗೆ ನಿಂತಿತ್ತು. ಹಳೆಯದಾದರೇನು, ಗುಂಡಿ ಒತ್ತಿದೊಡನೆ ಗುರ್ ಎಂದದ್ದು ಕೇಳಿ ಮೈ ಜುಮ್ಮೆಂದಿತು. ವ್ಯವಹಾರ ಮುಗಿಸಿ ನಾನೇ ಓಡಿಸಿಕೊಂಡು ಹೊರಟೆ. ದಾಂಡೇಲಿ ದಾಟಿ ರಸ್ತೆ ನೆಟ್ಟಗಾದಾಗ ಒಂದೇ ಒಂದು ಸಲ ಕಾಲು ಊರಿದೆ ನೋಡಿ, ಬೆನ್ನು ಸೀಟಿಗೆ ಅಂಟಿತು! "ಅಯ್ಯ ಶಿವನ!" ಎಂದು ಒಬ್ಬಳೇ ಕಿರುಚಿ ನಕ್ಕೆ. ಹಂಪ್ ಬಂದಲ್ಲಿ ಮಾತ್ರ ಹೊಟ್ಟೆ ತಾಗೀತೆಂದು ಓರೆಯಾಗಿ, ಬಸುರಿಯನ್ನು ಮೆಟ್ಟಿಲಿಳಿಸುವ ಹಾಗೆ ದಾಟಿಸಿದೆ.

ಆದರೆ ನಮ್ಮ ಮನೆಯಲ್ಲಿ ಪೂಜೆಯಾಗಿ ನಿಂಬೆಹಣ್ಣು ದಾಟುವವರೆಗೆ ಯಾವ ಗಾಡಿಯೂ ಮನೆಯದಲ್ಲ. ಮೊದಲು ದಾಟಿಸಿದವರದೇ ಗಾಡಿ ಎಂದು ಓಣಿಯೆಲ್ಲ ಲೆಕ್ಕ ಹಿಡಿಯುತ್ತದೆ. ದುಡ್ಡು ನನ್ನದು, ಹುಡುಕಾಟ ನನ್ನದು. ನಿಂಬೆಹಣ್ಣಿನ ಮೇಲೆ ಹತ್ತಿಸುವವಳೂ ನಾನೇ ಆಗಬೇಕೆಂದು ನನಗೆ ಹಠ.

ಮರುದಿನ ಬೆಳಿಗ್ಗೆ ಅತ್ತೆ ಬಾನೆಟ್ಟಿಗೆ ವಿಭೂತಿ ಬಳಿದು, ಕಾರಿನ ಮೂತಿಯ ತುಂಬ ತೋಳು ದಪ್ಪದ ಚೆಂಡುಹೂವಿನ ಹಾರ ಇಳಿಬಿಟ್ಟರು. ನಾಲ್ಕೂ ಗಾಲಿಗೆ ನಿಂಬೆಹಣ್ಣು ಇಟ್ಟಾಯಿತು. ನಾನು ಬಾಗಿಲಿಗೆ ಕೈ ಹಾಕಿದೆ.

"ಏ ತಂಗಿ, ಗಂಡಸು ಇರೂ ಮನ್ಯಾಗ ನೀ ಯಾಕ? ಅವಾ ದಾಟಸ್ಲಿ," ಎಂದರು ಗಂಡನ ಕಾಕಾ.

ಅಷ್ಟು ಮಂದಿಯ ಎದುರು ಗಂಡನಿಗೆ ಕೀಲಿ ಕೊಟ್ಟೆ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ನಮ್ಮ ಯಜಮಾನರು ಕೂತರು, ಶುರು ಮಾಡಿದರು, ಗೇರ್ ಹಾಕಿದರು. ಕಾರು ಕುಂಯ್ ಕುಂಯ್ ಎಂದು ಒಂದೇ ಸಮನೆ ಅರಚತೊಡಗಿತು. ಸ್ಟೀರಿಂಗ್ ಪಕ್ಕದ ಪರದೆಯ ಮೇಲೆ ಕೆಂಪು ಮಿಣಮಿಣ. ಅವರು ಬಂದ್ ಮಾಡಿ ಹೊರಗೆ ಜಿಗಿದರು.

"ಇದು ಕೆಟ್ಟೈತಿ! ವಾಪಸ್ ಕೊಟ್ಟ ಬರೂಣು!"

"ಹಳೇ ಗಾಡಿ ತಂದ್ರ ಇದ ಹಣೇಬರ," ಎಂದರು ಕಾಕಾ.

"ಏನೂ ಕೆಟ್ಟಿಲ್ಲರಿ," ನನಗೆ ರೇಗಿತು. "ಮೂತ್ಯಾಗ ಸೆನ್ಸರ್ ಅದಾವ, ಮುಂದ ಏನರ ಅಡ್ಡ ಇದ್ರ ಅದು ಹಂಗ ಒದರತೈತಿ. ಈಗ ಹಾರ ಅಡ್ಡ ಬಂದೈತಿ. ತೆಗೀರಿ."

"ನಿಂಬಿಹಣ್ಣು ದಾಟೂತನಕ ಹಾರ ತೆಗೀತಾರೇನು? ಅಪಶಕುನ!" ಕಾಕಾ ಕೈ ಅಡ್ಡ ಹಿಡಿದರು.

ಯಜಮಾನರು ಮತ್ತೆ ಹತ್ತಲು ತಯಾರಿಲ್ಲ. ಓಣಿಯವರು ಕಿಸಿಕಿಸಿ ನಗತೊಡಗಿದರು. ನನ್ನ ಕಾರು ಇವತ್ತೇ ಅಂಬಿಕಾನಗರಕ್ಕೆ ಹಿಂತಿರುಗಿ ಹೋಗುತ್ತದೇನೋ ಅನ್ನಿಸಿತು.

"ಹಾರ ತೆಗದ್ರ ಸುಮ್ಮನಾಗತೈತೇನು?" ಎಂದು ಅತ್ತೆ ನನ್ನನ್ನು ಕೇಳಿದರು.

"ಹೂಂರಿ ಅತ್ತಿ."

ಅವರು ಸೀದಾ ಹೋಗಿ ಹಾರ ಬಿಚ್ಚಿ ತಮ್ಮ ಕೊರಳಿಗೇ ಹಾಕಿಕೊಂಡರು. "ಹಾರ ಗಾಡ್ಯಾಗ ಇದ್ರ ಆತಿಲ್ಲೋ?" ಎಂದು ಕಾಕಾನಿಗೆ ಹೇಳಿ, ಮುಂದಿನ ಸೀಟಿನಲ್ಲಿ ಠೀವಿಯಿಂದ ಕೂತರು. ಯಜಮಾನರು ನಗುತ್ತ ಸ್ಟೀರಿಂಗ್ ಕಡೆಗೆ ಬಂದರು.

"ನೀ ಹಿಂದ ಕೂಡಪಾ," ಎಂದರು ಅತ್ತೆ. "ಗಾಡಿ ಅಕಿದು. ಅಕಿನ ಹೊಡೀಲಿ."

ಕಾಕಾ ಬಾಯಿ ತೆರೆಯುವಷ್ಟರಲ್ಲಿ ನಾಲ್ಕೂ ನಿಂಬೆಹಣ್ಣು ಪಚಕ್ ಎಂದವು.